ಎಡಗಡೆಯ ಬ್ರೇಕು

ನಿಮ್ಮ ಕಟ್ಟಡದ ಕೆಳಗೆ, ಕಂಬಗಳ ನಡುವಿನ ಮಬ್ಬು ಮೂಲೆಯಲ್ಲಿ, ಹರಿದ ಹೊದಿಕೆ ಹೊದ್ದು ವರ್ಷಗಳಿಂದ ನಿಂತಿರುವ ಆ ಗಾಡಿ ಯಾರದೆಂದು ನಿಮಗೆ ಗೊತ್ತೆ?

ಗೊತ್ತಿಲ್ಲದಿದ್ದರೆ ನಾಚಿಕೊಳ್ಳಬೇಕಾದ್ದಿಲ್ಲ. ದಿನವೂ ಅಂಥದೊಂದು ಗಾಡಿಯ ಪಕ್ಕದಲ್ಲೇ ಹಾದು ಕಾಂದಿವಲಿ ಸ್ಟೇಶನ್ನಿಗೆ ಓಡುತ್ತಿದ್ದ ನನಗೂ ಗೊತ್ತಿರಲಿಲ್ಲ. ಆದರೆ ನಿಮಗೂ ನನಗೂ ಒಂದು ವ್ಯತ್ಯಾಸವಿದೆ. ಯಾರದೆಂದು ಗೊತ್ತಿಲ್ಲದಿದ್ದರೂ ನಾನು ಅದರ ವಿರುದ್ಧ ಒಂದು ಠರಾವು ಮಂಡಿಸಿದ್ದೆ, ಮತ್ತು ಆ ಠರಾವು ಅವಿರೋಧವಾಗಿ ಪಾಸಾಗಿತ್ತು.

ನನ್ನ ಸ್ವಭಾವವನ್ನು ಇಲ್ಲಿ ಸ್ವಲ್ಪ ವಿವರಿಸುವುದು ಒಳ್ಳೆಯದು. ಧಾರವಾಡದಲ್ಲಿ ಕಾಲೇಜು ಓದುತ್ತಿದ್ದಾಗ ನನಗೆ ಚರ್ಚಾಸ್ಪರ್ಧೆಯ ಹುಚ್ಚು ಹಿಡಿಯಿತು. ಓದು ಮುಗಿಯಿತು, ಹುಚ್ಚು ಉಳಿಯಿತು. ಮುಂಬಯಿಗೆ ಬಂದು ಉಪನಗರದ ಒಂದು ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸತೊಡಗಿದ ಮೇಲೂ, ಹಾಲು ತಡವಾಗಿ ಬಂದರೆ ಹಾಲಿನವನ ಮುಂದೆ ನಾನು ಪೀಠಿಕೆ ಹಾಕಿ, ವಾದ ಮಂಡಿಸಿ, ಎದುರು ವಾದವನ್ನು ಮೊದಲೇ ಊಹಿಸಿ ಖಂಡಿಸಿ, ಉಪಸಂಹಾರಕ್ಕೆ ಬರುವಷ್ಟರಲ್ಲಿ ಅವನು ಮೂರನೆಯ ಮಹಡಿ ತಲುಪಿರುತ್ತಾನೆ. ಲೋಕವನ್ನು ತಿದ್ದಬಹುದು, ಅದಕ್ಕೆ ಬೇಕಾದುದು ಸ್ಪಷ್ಟವಾದ ಒಂದು ವ್ಯಾಖ್ಯೆ ಮಾತ್ರ ಎಂಬುದು ನನ್ನ ನಂಬಿಕೆ. ಈಗಲೂ ಆ ನಂಬಿಕೆಯನ್ನು ಪೂರ್ತಿಯಾಗಿ ಬಿಟ್ಟಿಲ್ಲ. ಕೆಳಗೆ ಹೇಳಲಿರುವ ಕಾರಣಗಳಿಂದಾಗಿ ಅದಕ್ಕೊಂದು ಸಣ್ಣ ತೇಪೆ ಹಾಕಿಸಿಕೊಂಡಿದ್ದೇನೆ, ಅಷ್ಟೆ.

ನಮ್ಮ ಸೊಸೈಟಿಯ ವಾರ್ಷಿಕ ಸಭೆ ದೀಪಾವಳಿ ಕಳೆದ ಮೇಲೆ ಸೇರಿತ್ತು. ಮುಂಬಯಿಯಲ್ಲಿ ಯಾವ ಸಭೆಯ ಯಾವ ವಿಷಯವಾದರೂ ಕೊನೆಗೆ ಪಾರ್ಕಿಂಗಿಗೇ ಬಂದು ನಿಲ್ಲುತ್ತದೆ. ಐದನೆಯ ಮಹಡಿಗೆ ಬಂದಿದ್ದ ಹೊಸ ದಂಪತಿಗಳು ತಮ್ಮ ಗಾಡಿಯನ್ನು ಎಲ್ಲೋ ಮಾರ್ಕೆಟ್ಟಿನ ಹಿಂದೆ ನಿಲ್ಲಿಸಿ ನಡೆದು ಬರುತ್ತಿದ್ದರು. ಇತ್ತ ಕಟ್ಟಡದ ಕೆಳಗೆ ಗಾಳಿ ಹೋದ ಸ್ಕೂಟರುಗಳು, ಯಾರದೋ ಮುರಿದ ಫ್ರಿಜ್ಜು, ಹೊದಿಕೆಯೊಳಗಿನ ಆ ಅನಾಮಧೇಯ ಗಾಡಿ, ಇವೆಲ್ಲ ಒಂದೊಂದು ಜಾಗ ಹಿಡಿದು ಕೂತಿದ್ದವು. ಅನ್ಯಾಯ ಕಣ್ಣಿಗೆ ಕಾಣುವಂತಿತ್ತು. ನಾನು ಎದ್ದು ನಿಂತೆ. "ತನ್ನ ಸ್ವಂತ ಶಕ್ತಿಯಿಂದ ಗೇಟು ದಾಟಿ ಹೋಗಿ, ಕಾಲೊನಿಯ ತೋಟಕ್ಕೆ ಒಂದು ಸುತ್ತು ಬಂದು, ಸ್ವಂತ ಶಕ್ತಿಯಿಂದಲೇ ಒಳಗೆ ಮರಳಲಾರದ ವಸ್ತುವು ವಾಹನವಲ್ಲ, ಸಾಮಾನು. ಸಾಮಾನಿಗೆ ಪಾರ್ಕಿಂಗ್ ಇಲ್ಲ." ಹಿಂದಿಯಲ್ಲಿ ಹೇಳಿದೆ, ಮರಾಠಿಯಲ್ಲಿ ಮತ್ತೊಮ್ಮೆ ಹೇಳಿದೆ. ಚಪ್ಪಾಳೆ ಬಿತ್ತು. ಸೊಸೈಟಿಯ ಸೆಕ್ರೆಟರಿ ಸಾವಂತ್ ಕಾಕಾ ಅಪರೂಪಕ್ಕೆ ನನ್ನತ್ತ ನೋಡಿ ತಲೆಯಾಡಿಸಿದರು. ಮಳೆಗಾಲಕ್ಕೆ ಮುಂಚಿನ ಕೊನೆಯ ಭಾನುವಾರ ಪರೀಕ್ಷೆ. ಅಂದು ಗೇಟು ದಾಟಿ ಮರಳದ್ದು ಭಂಗಾರಿನವನ, ಅಂದರೆ ಗುಜರಿಯವನ, ಪಾಲು ಎಂದು ತೀರ್ಮಾನವಾಯಿತು. ಆ ಸಂಜೆ ನಾನು ಮನೆಗೆ ಹತ್ತಿದ್ದು ಲಿಫ್ಟಿನಲ್ಲಿ ಅಲ್ಲ, ಗಾಳಿಯಲ್ಲಿ.

ಬಾಗಿಲು ತೆರೆದ ನನ್ನ ಹೆಂಡತಿ ವಿಮಲಾ ಎಲ್ಲ ಕೇಳಿಯೂ ಚಪ್ಪಾಳೆ ತಟ್ಟಲಿಲ್ಲ.

"ಅಲ್ರೀ, ಜೈಬುನ್ ಆಪಾನ ಗಾಡಿನೂ ಹೋಗ್ತದಲ್ಲ. ಗೊತ್ತದ ಇಲ್ಲೋ ನಿಮಗ?"

ಗೊತ್ತಿರಲಿಲ್ಲ. ನೆಲಮಹಡಿಯಲ್ಲಿ ಮಗ ಸೊಸೆಯ ಜೊತೆಗಿರುವ ಜೈಬುನ್ ಆಪಾ ಎಂಬ ಹಿರಿಯ ಹೆಂಗಸು ನನಗೆ ಗೊತ್ತಿದ್ದರು. ವಿಜಯಪುರದ ಕಡೆಯವರು, ಮನೆಯಲ್ಲಿ ದಖನಿ, ನಮ್ಮೊಡನೆ ಕನ್ನಡ, ತರಕಾರಿಯವನೊಡನೆ ಅವನು ಯಾವ ಭಾಷೆಗೆ ಹೆದರುತ್ತಾನೋ ಅದು. ಆದರೆ ಆ ಹೊದಿಕೆಯೊಳಗಿನ ಗಾಡಿ ಅವರದೆಂದಾಗಲಿ, ಅದು ಒಂದು ಕಾಲದಲ್ಲಿ ಡ್ರೈವಿಂಗ್ ಸ್ಕೂಲಿನ ಗಾಡಿಯಾಗಿತ್ತೆಂದಾಗಲಿ ನನಗೆ ತಿಳಿದಿರಲಿಲ್ಲ. ಆ ಸ್ಕೂಲು ಅವರ ಗಂಡನದು. ಗಂಡ ಗಂಡಸರಿಗೆ ಕಲಿಸುತ್ತಿದ್ದರು. ಹೆಂಗಸರು ವಿಚಾರಿಸಲು ಬರುತ್ತಿದ್ದರು, ಪಕ್ಕದಲ್ಲಿ ಅಪರಿಚಿತ ಗಂಡಸು ಕೂರುತ್ತಾನೆಂದು ತಿಳಿದು ಹಿಂದಿರುಗುತ್ತಿದ್ದರು. ಇದನ್ನು ಕಿಟಕಿಯಿಂದ ನೋಡುತ್ತಿದ್ದ ಆಪಾ ತಾವೇ ಗಾಡಿ ಕಲಿತರು, ಲೈಸೆನ್ಸ್ ತೆಗೆದರು, ಬುರ್ಖಾದ ತೋಳನ್ನು ಮೊಣಕೈವರೆಗೆ ಸರಿಸಿ ಎಡಗಡೆಯ ಸೀಟಿನಲ್ಲಿ ಕೂತರು. ಅಲ್ಲಿಂದ ಮುಂದೆ ಈ ಭಾಗದ ಹೆಂಗಸರು ಯಾರೇ ಗಾಡಿ ಕಲಿತರೂ ಆ ಗಾಡಿಯಲ್ಲೇ ಕಲಿತರು.

"ನೀವ್ ಕಾಲೇಜಿಗೆ ಹೋದಾಗ ನಾನೂ ಅದರಾಗ ಕಲ್ತೀನಿ," ಎಂದಳು ವಿಮಲಾ. "ಲೈಸೆನ್ಸ್ ತೋರ್ಸಿದ್ದೆ. ಭೇಷ್ ಅಂದ್ರಿ. ಯಾರ ಗಾಡಿ ಅಂತ ಕೇಳ್ಲಿಲ್ಲ."

ಕೇಳಿರಲಿಲ್ಲ, ನಿಜ. ಖಾಸಗಿ ಕಾರು ನಗರಜೀವನಕ್ಕೆ ಮಾರಕ ಎಂಬ ವಿಷಯದ ಮೇಲೆ ನಾನು ಎರಡೂ ಪಕ್ಷಗಳಲ್ಲಿ ಮಾತಾಡಿ ಬಹುಮಾನ ಗಳಿಸಿದವನು. ಕೊನೆಗೆ ಮಾರಕ ಎಂಬ ಪಕ್ಷವನ್ನೇ ನಂಬಿ, ಲೋಕಲ್ ಟ್ರೇನಿಗೆ ಬದುಕನ್ನು ಒಪ್ಪಿಸಿದವನು. ನಮ್ಮ ಮನೆಗೆ ಗಾಡಿ ಬರಲಿಲ್ಲ. ನಾನು ಗಾಡಿ ಕಲಿಯಲಿಲ್ಲ. ವಿಮಲಾಳ ಲೈಸೆನ್ಸು ಕಪಾಟಿನಲ್ಲಿ ರೇಶ್ಮೆ ಸೀರೆಗಳ ಕೆಳಗೆ ಮಲಗಿತು. ನನ್ನ ತತ್ತ್ವಗಳನ್ನು ನಾನು ಆಡುತ್ತ ಬಂದಿದ್ದೇನೆ, ಅವಳು ಪಾಲಿಸುತ್ತ ಬಂದಿದ್ದಾಳೆ. ನಮ್ಮ ಸಂಸಾರದಲ್ಲಿ ಶ್ರಮವಿಭಜನೆ ಹೀಗಿದೆ.

ಮರುದಿನ ಆಪಾ ಮನೆಗೆ ಹೋದೆ. ನಿಯಮವು ಯಾವ ವ್ಯಕ್ತಿಯನ್ನೂ ಗುರಿಯಿಟ್ಟು ಮಾಡಿದ್ದಲ್ಲ, ಸಾರ್ವತ್ರಿಕವಾದದ್ದು, ಆದರೂ ವಿಶೇಷ ಸಂದರ್ಭಗಳಲ್ಲಿ ವಿನಾಯಿತಿ ಕೊಡುವುದಕ್ಕೆ ನ್ಯಾಯಶಾಸ್ತ್ರದಲ್ಲಿ ಅವಕಾಶವಿದೆ ಎಂದೆಲ್ಲ ದಾರಿಯುದ್ದಕ್ಕೂ, ಅಂದರೆ ನಾಲ್ಕು ಮಹಡಿಗಳುದ್ದಕ್ಕೂ, ಸಿದ್ಧತೆ ಮಾಡಿಕೊಂಡಿದ್ದೆ. ಆಪಾ ಚಹಾ ಕೊಟ್ಟರು, ನನ್ನ ಪೀಠಿಕೆಯನ್ನು ಪೂರ್ತಿ ಕೇಳಿದರು. ಗಾಡಿಯನ್ನು ಕೊಟ್ಟುಬಿಡುವುದೇ ಒಳ್ಳೆಯದೆಂದು ಅವರ ಮಗನೂ ಹೇಳುತ್ತಿದ್ದನಂತೆ. ಅವರಿಗೆ ಮಾತ್ರ ಅದು ಭಂಗಾರಿನವನ ಕೈಗಾಡಿಯ ಮೇಲೆ ತುಂಡುತುಂಡಾಗಿ ಹೋಗುವುದು ಬೇಕಿರಲಿಲ್ಲ.

"ವಿನಾಯಿತಿ ನಕ್ಕೋ, ಬ್ಯಾಡ, ಪ್ರೊಫೆಸರ್ ಸಾಹೇಬ್ರ," ಎಂದರು. "ನಿಮ್ಮ ರೂಲ್ ಚಲೋ ಐತಿ. ರೂಲ್ ಹಂಗ ಇರ್ಲಿ. ಗಾಡಿ ಚಾಲೂ ಮಾಡಿಕೊಡ್ರಿ."

ಚರ್ಚೆಯಲ್ಲಿ ಎದುರಾಳಿ ನಮ್ಮ ವಾದವನ್ನು ಪೂರ್ತಿಯಾಗಿ ಒಪ್ಪಿಕೊಂಡುಬಿಟ್ಟರೆ ಏನು ಮಾಡಬೇಕೆಂದು ಧಾರವಾಡದಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ. ನಾನು ಚಹಾ ಕುಡಿದು, ಗಾಡಿ ಚಾಲೂ ಮಾಡಿಕೊಡುವುದಾಗಿ ಮಾತು ಕೊಟ್ಟು, ಮೇಲೆ ಬಂದೆ.

ಹೊದಿಕೆ ಎತ್ತಿದ ದಿನ ನನಗೆ ನೆನಪಿದೆ. ಒಳಗಿದ್ದದ್ದು ಪದ್ಮಿನಿ ಕಾರು. ಒಂದು ಕಾಲದಲ್ಲಿ ಈ ಊರಿನ ರಸ್ತೆಗಳಲ್ಲಿ ಕಪ್ಪು ಹಳದಿ ಬಣ್ಣ ಬಳಿದುಕೊಂಡು ಸಾಲಾಗಿ ಓಡಾಡುತ್ತಿದ್ದ ಅದೇ ಪುಟ್ಟ ಗಾಡಿ. ಇದರ ಬಣ್ಣ ಮಾತ್ರ ಕೆನೆಯದು. ದುಂಡು ಕಣ್ಣಿನ ದೀಪಗಳು, ಸ್ಟೀರಿಂಗಿನ ಕುತ್ತಿಗೆಗೇ ಅಂಟಿಕೊಂಡ ಗೇರು, ಮುಂದೆ ಬೆಂಚಿನಂಥ ಒಂದೇ ಉದ್ದನೆಯ ಸೀಟು. ಎಡಗಡೆ ಕಾಲಿಡುವಲ್ಲಿ ಇನ್ನೊಂದು ಜೊತೆ ಪೆಡಲು: ಒಂದು ಕ್ಲಚ್ಚು, ಒಂದು ಬ್ರೇಕು. ಕಲಿಯುವವರು ಗಾಬರಿಯಾದಾಗ ಕಲಿಸುವವರು ಒತ್ತುವುದಕ್ಕಾಗಿ ಇರುವವು. ಉಳಿದೆಲ್ಲದಕ್ಕೂ ಧೂಳು ಹಿಡಿದಿತ್ತು, ತುಕ್ಕು ಹಿಡಿದಿತ್ತು. ಆ ಎಡಗಡೆಯ ಬ್ರೇಕಿನ ಪೆಡಲು ಮಾತ್ರ ಸವೆದು ಸವೆದು ಬೆಳ್ಳಿಯ ರೂಪಾಯಿಯಂತೆ ಇನ್ನೂ ಮಿನುಗುತ್ತಿತ್ತು.

ತುಕ್ಕಿನ ವಿಷಯದಲ್ಲಿ ನನ್ನ ತಿಳುವಳಿಕೆ ಅಲ್ಲಿಯವರೆಗೆ ಕೇವಲ ಸಾಹಿತ್ಯಿಕವಾಗಿತ್ತು. ಸಂಸ್ಥೆಗಳಿಗೆ ತುಕ್ಕು ಹಿಡಿಯುತ್ತದೆ, ಬುದ್ಧಿಗೆ ತುಕ್ಕು ಹಿಡಿಯುತ್ತದೆ ಎಂದು ಭಾಷಣಗಳಲ್ಲಿ ಧಾರಾಳವಾಗಿ ಬಳಸಿದ್ದೆ. ನಿಜವಾದ ತುಕ್ಕು ಆ ಉಪಮೆಗಳಿಗಿಂತ ಹೆಚ್ಚು ಸೂಕ್ಷ್ಮವಾದದ್ದು. ಅದು ಬಣ್ಣದ ಮೇಲೆ ಕೂರುವುದಿಲ್ಲ, ಬಣ್ಣದ ಕೆಳಗೆ ಸೇರುತ್ತದೆ. ಹೊರಗೆ ಒಂದು ಸಣ್ಣ ಗುಳ್ಳೆ, ಕಡಲೆ ಕಾಳಿನಷ್ಟು. ಅಲ್ಲಿ ಸ್ಕ್ರೂಡ್ರೈವರಿನ ತುದಿಯಿಂದ ಮೆಲ್ಲಗೆ ತಟ್ಟಿದರೆ ಅದು ಹಪ್ಪಳ ಮುರಿದಂತೆ ಒಳಗೆ ಹೋಗುತ್ತದೆ, ಹಿಡಿಯವರೆಗೂ ಹೋಗುತ್ತದೆ. ಬಣ್ಣವೇ ಬಹುಮತದಿಂದ ಗಾಡಿಯನ್ನು ಎತ್ತಿ ಹಿಡಿದಿದೆ ಎಂದು ಆಗ ತಿಳಿಯುತ್ತದೆ. ಡ್ರೈವರಿನ ಕಾಲ ಕೆಳಗಿನ ರಬ್ಬರು ಚಾಪೆಯನ್ನು ಎತ್ತಿದೆ, ನೆಲ ಕಂಡಿತು. ಗಾಡಿಯ ನೆಲವಲ್ಲ, ಕಟ್ಟಡದ ನೆಲ. ಅಲ್ಲಿ ಒಂದು ಬೆಕ್ಕು ಮಲಗಿತ್ತು. ಅದು ನನ್ನನ್ನು ನೋಡಿದ ರೀತಿಯಿಂದ, ನಾನು ಅದರ ಮನೆಯ ಮಾಳಿಗೆಯಿಂದ ಇಣುಕುತ್ತಿದ್ದೇನೆಂಬುದು ಸ್ಪಷ್ಟವಾಯಿತು.

ನಮ್ಮ ಭಾಷೆಯಲ್ಲಿ ಕಬ್ಬಿಣಕ್ಕೆ ತುಕ್ಕು, ಹಿತ್ತಾಳೆಗೆ ಕಿಲುಬು ಎಂದು ಬೇರೆ ಬೇರೆ ಮಾತುಗಳಿರುವುದು ಸುಮ್ಮನೆ ಅಲ್ಲವೆಂದು ತೋರುತ್ತದೆ. ಕಿಲುಬು ಮೇಲಿನ ಕೊಳೆ. ಹುಣಸೆಹಣ್ಣು ಹಾಕಿ ತಿಕ್ಕಿದರೆ ಕೆಳಗೆ ಹಿತ್ತಾಳೆ ಹಿತ್ತಾಳೆಯಾಗಿಯೇ ಇರುತ್ತದೆ. ತುಕ್ಕು ಹಾಗಲ್ಲ. ಕಬ್ಬಿಣವೇ ತುಕ್ಕಾಗುತ್ತದೆ. ಮಣ್ಣಿನಿಂದ ತೆಗೆದು, ಕಾಸಿ, ಬಡಿದು, ಗಾಡಿ ಮಾಡಿ ನಿಲ್ಲಿಸಿದ ಕಬ್ಬಿಣ ಯಾರೂ ನೋಡದಿದ್ದಾಗ ಮೆಲ್ಲಗೆ ಮಣ್ಣಿನ ಕಡೆಗೆ ಹೊರಟಿರುತ್ತದೆ. ಮುಂಬಯಿಯ ಉಪ್ಪುಗಾಳಿ ಅದಕ್ಕೆ ದಾರಿ ತೋರಿಸುತ್ತದೆ.

ಈ ವ್ಯತ್ಯಾಸವನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ಬೋಲ್ಟು, ತಟ್ಟೆ, ಕೊಂಡಿಗಳನ್ನೆಲ್ಲ ಬಿಚ್ಚಿ, ದೇವರ ಪಾತ್ರೆಗೆ ಮಾಡುವ ಉಪಚಾರವನ್ನೇ ಇವಕ್ಕೂ ಮಾಡೋಣವೆಂದು ಬಕೆಟ್ಟಿನಲ್ಲಿ ಹುಣಸೆಹಣ್ಣಿನ ನೀರು ಕಲಸಿ ನೆನೆಹಾಕಿದೆ. ಮನೆಯ ಹುಣಸೆಹಣ್ಣೆಲ್ಲ ತೀರಿ, ಸಾರು ಟೊಮೆಟೊದ ಮೇಲೆ ನಡೆಯತೊಡಗಿತು. ಆದರೆ ಫಲ ಅದ್ಭುತ. ಬೆಳಗ್ಗೆ ಎತ್ತಿ ತಿಕ್ಕಿದರೆ ಬೂದುಬಣ್ಣದ ಶುದ್ಧ ಕಬ್ಬಿಣ. ಗೆದ್ದೆನೆಂದುಕೊಂಡು ಅವನ್ನು ಬಾಲ್ಕನಿಯ ಕಟ್ಟೆಯ ಮೇಲೆ ಸಾಲಾಗಿ ಒಣಗಿಸಿ, ಕಾಲೇಜಿಗೆ ಹೋಗಿ, ಸುಧಾರಣಾ ಚಳವಳಿಗಳ ಮೇಲೆ ಪಾಠ ಮಾಡಿ ಬಂದೆ. ಸಂಜೆಗೆ ಎಲ್ಲವೂ ಕಿತ್ತಳೆ ಬಣ್ಣಕ್ಕೆ ತಿರುಗಿದ್ದವು. ಹಳೆಯ ತುಕ್ಕಿಗೆ ಸ್ವಲ್ಪವಾದರೂ ಗಾಂಭೀರ್ಯವಿತ್ತು. ಇದು ಎಳೆಯ, ಉತ್ಸಾಹಿ ತುಕ್ಕು. ತೊಳೆದು ಬೆಳಗಿದ ಕಬ್ಬಿಣದಷ್ಟು ಬೇಗ ತುಕ್ಕು ಹಿಡಿಯುವಂಥದು ಇನ್ನೊಂದಿಲ್ಲ. ತೆಗೆದ ಗಳಿಗೆಯಲ್ಲೇ ಒರೆಸಿ ತುಕ್ಕು ತಡೆಯುವ ರೆಡ್ ಆಕ್ಸೈಡ್ ಬಣ್ಣ ಬಳಿಯಬೇಕಂತೆ. ಹಳೆಯದನ್ನು ಕಿತ್ತು ಹಾಕಿ ಭಾಷಣಕ್ಕೆ ಹೋಗುವುದು ನಮ್ಮಂಥ ಸುಧಾರಕರ ಹಳೆಯ ಅಭ್ಯಾಸವೆಂದು ನನಗೆ ಅಂದು ಒಂದು ಬಗೆಯ ಅನುಮಾನ ಬಂದದ್ದು ನಿಜ. ಆದರೆ ಅನುಮಾನವನ್ನು ಅನುಮಾನವಾಗಿಯೇ ಬಿಟ್ಟು ಮುಂದುವರಿದೆ. ಅದರ ಫಲ ಹದಿನೈದು ದಿನಗಳಲ್ಲಿ ಸಿಕ್ಕಿತು.

ಮುಂಬಯಿಯದೇ ಆಂಟಾಪ್ ಹಿಲ್‌ನಲ್ಲಿ ವಿಮಲಾಳ ತಮ್ಮ ಗುರು ಇದ್ದಾನೆ. ಕಿಟಕಿಯ ಗ್ರಿಲ್ಲು, ಕಬ್ಬಿಣದ ಬಾಗಿಲು ಮಾಡುವ ಶೆಡ್ಡು ಅವನದು. ಜೊತೆಗೆ ಹಳೆಯ ಟ್ಯಾಕ್ಸಿಗಳ ಇಂಜಿನ್ನಿನ ಸಂಗವೂ ಉಂಟು. ಭಾನುವಾರಗಳಂದು ವೆಲ್ಡಿಂಗ್ ಮಶೀನನ್ನು ಟೆಂಪೊದಲ್ಲಿ ಹೇರಿಕೊಂಡು ಬರತೊಡಗಿದ. ಒಳ್ಳೆಯ ಹುಡುಗ, ಆದರೆ ಅವನಲ್ಲಿ ಒಂದು ದೋಷವಿದೆ. ಅಕ್ಕನ ಗಂಡ ಓದಿದವರೆಂಬ ಗೌರವದಿಂದ ನಾನು ಹೇಳಿದ್ದನ್ನೆಲ್ಲ ಮಾಡಿಬಿಡುತ್ತಾನೆ.

ಗಾಡಿಯ ಎರಡು ಪಕ್ಕಗಳಲ್ಲೂ, ಬಾಗಿಲುಗಳ ಕೆಳಗೆ, ಮುಂಚಕ್ರದಿಂದ ಹಿಂಚಕ್ರದವರೆಗೆ ಒಂದೊಂದು ಪೊಳ್ಳು ತೊಲೆ ಇರುತ್ತದೆ. ಹತ್ತುವಾಗ ನಾವು ಕಾಲು ದಾಟಿಸುತ್ತೇವಲ್ಲ, ಅದು. ಎರಡೂ ಪೂರ್ತಿ ತುಕ್ಕಾಗಿದ್ದವು. ಗುರು ಗೇಣುಗೇಣಾಗಿ ಕತ್ತರಿಸಿ, ಗೇಣುಗೇಣಾಗಿ ಹೊಸ ತಗಡು ಕೂರಿಸುವ ಯೋಚನೆಯಲ್ಲಿದ್ದ. ನಾನು ಒಪ್ಪಲಿಲ್ಲ. ಅರೆಬರೆ ಸುಧಾರಣೆಯೇ ಎಲ್ಲ ಕೇಡಿನ ಮೂಲವೆಂದು ಅವನಿಗೆ ವಿವರಿಸಿದೆ. ಕೊಳೆತದ್ದರ ಪಕ್ಕದಲ್ಲಿ ಹೊಸದನ್ನು ಇಟ್ಟರೆ ಹೊಸದೂ ಕೊಳೆಯುತ್ತದೆ. ಮೊದಲು ಎರಡೂ ಕಡೆ ಪೂರ್ತಿ ತೆಗೆದುಬಿಡು, ಆಮೇಲೆ ಶುದ್ಧವಾದ ಆರಂಭ ಮಾಡೋಣ ಎಂದೆ. ಅವನು ಕಟ್ಟರ್ ಹಿಡಿದ. ಕಿಡಿ ಹಾರಿತು, ಕೆಂಪು ಧೂಳು ಸುರಿಯಿತು, ಎರಡೂ ತೊಲೆಗಳು ಚೂರುಚೂರಾಗಿ ಗೋಣಿಚೀಲ ಸೇರಿದವು. ನನ್ನ ಬದುಕಿನಲ್ಲಿ ಅಷ್ಟು ಸ್ವಚ್ಛವಾದ ಸುಧಾರಣೆಯನ್ನು ನಾನು ಮಾಡಿದ್ದೇ ಇಲ್ಲ.

ಅನಂತರ ಗುರು ಬಾಗಿಲು ಹಾಕಲು ಹೋದ. ಬಾಗಿಲು ಹಾಕಿಕೊಳ್ಳಲಿಲ್ಲ. ಇನ್ನೊಂದು ಬಾಗಿಲನ್ನೂ ನೋಡಿದ. ಅದೂ ಇಲ್ಲ. ಗಾಡಿಯ ನಡುವು ಬಗ್ಗಿತ್ತು. ಈ ಗಾಡಿಗೆ ಕೆಳಗೆ ಬೇರೆ ಚೌಕಟ್ಟಿಲ್ಲ, ಮೈಯೇ ಚೌಕಟ್ಟು. ಆ ತುಕ್ಕು ಹಿಡಿದ ತೊಲೆಗಳೇ ಇಷ್ಟು ವರ್ಷ ಅದರ ಬೆನ್ನೆಲುಬಾಗಿ, ತಮ್ಮಲ್ಲಿ ಉಳಿದಿದ್ದ ಅಷ್ಟಿಷ್ಟು ಕಬ್ಬಿಣದಿಂದಲೇ ಅದನ್ನು ನೆಟ್ಟಗೆ ಹಿಡಿದಿದ್ದವು.

"ಭಾವಾರ, ನೀವ್ ಹೇಳಿದ್ರಿ ಅಂತ ಕಡದೆ," ಎಂದ ಗುರು, ಬಹಳ ಮೆತ್ತಗೆ.

ಆಗ ಆಪಾ ಹೊರಗೆ ಬಂದರು. ನಡು ಕುಸಿದ ಗಾಡಿಯನ್ನು ಒಂದು ಸುತ್ತು ನೋಡಿದರು. ನಾನು ವಿವರಣೆಗೆ ಬಾಯಿ ತೆರೆದೆ. ಸಿದ್ಧಾಂತವನ್ನು ಇನ್ನೊಮ್ಮೆ ಕೇಳುವ ತಾಳ್ಮೆ ಅವರಿಗಿರಲಿಲ್ಲವೆಂದು ಕಾಣುತ್ತದೆ. ಎಡಬಾಗಿಲಿನೊಳಗೆ ತಲೆ ಹಾಕಿ ತಮ್ಮ ಪೆಡಲುಗಳನ್ನು ನೋಡಿ, "ಇವು ಅದಾವಲ್ಲ, ಆತು ಬಿಡ್ರಿ. ಇವು ಇರೋತನಕ ಗಾಡಿ ಐತಿ," ಎಂದರು. ಒಳಗೆ ಹೋಗುವಾಗ ಅವರು ಒಮ್ಮೆ ಮನೆಬಾಗಿಲ ಚೌಕಟ್ಟು ಹಿಡಿದು ನಿಂತದ್ದನ್ನು ವಿಮಲಾ ನೋಡಿದಳು. ಆ ರಾತ್ರಿ ಅವಳು ನನ್ನೊಡನೆ ಹೆಚ್ಚು ಮಾತಾಡಲಿಲ್ಲ. ಮಾತಾಡಿದ್ದರೆ ನಾನು ಉತ್ತರ ಕೊಡುತ್ತಿದ್ದೆ. ಅದು ಅವಳಿಗೆ ಗೊತ್ತು.

ಗಾಡಿಯನ್ನು ಎತ್ತಿದ್ದು ಗಣಪತಿ. ಹೀಗೆಂದರೆ ನನ್ನ ವೈಚಾರಿಕ ಮಿತ್ರರು ಹುಬ್ಬೇರಿಸಬಹುದು, ಆದ್ದರಿಂದ ವಿವರಿಸುತ್ತೇನೆ. ನಮ್ಮ ಸೊಸೈಟಿಯ ಗಣೇಶೋತ್ಸವದ ಮಂಟಪಕ್ಕೆ ಬಳಸುವ ಸಾಗುವಾನಿ ಕಂಬಗಳು, ಅಡ್ಡಪಟ್ಟಿಗಳು ವರ್ಷದ ಉಳಿದ ದಿನಗಳಲ್ಲಿ ಪಂಪಿನ ಕೋಣೆಯಲ್ಲಿ ಬೀಗದೊಳಗಿರುತ್ತವೆ. ಅವುಗಳಿಗೆ ಸಾವಂತ್ ಕಾಕಾ ಜವಾಬ್ದಾರರು. ಯಾರ ಮಗಳ ಮದುವೆಗೂ ಕೊಟ್ಟವರಲ್ಲ. ವಿಮಲಾ ಹೋಗಿ ಅವರ ಹೆಂಡತಿ ಸುನಂದಾ ವಹಿನಿಯ ಬಳಿ ಏನು ಮಾತಾಡಿದಳೋ, ಬೀಗದ ಕೈ ಬಂತು. ಜಾಕಿನಿಂದ ಗಾಡಿಯ ನಡುವನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟು ಎತ್ತುತ್ತ, ಬಾಗಿಲಿನ ಚೌಕಟ್ಟುಗಳೊಳಗೆ ಆ ಮಂಟಪದ ಅಡ್ಡಪಟ್ಟಿಗಳನ್ನು ಆಸರೆಯಾಗಿ ಕೊಟ್ಟು, ಬಾಗಿಲು ಮತ್ತೆ ಸಲೀಸಾಗಿ ಕೂರುವವರೆಗೆ ತಿದ್ದಿದೆವು. ಅನಂತರ ಗುರು ಮೊದಲು ಹೇಳಿದ್ದಂತೆಯೇ, ಗೇಣುಗೇಣಾಗಿ ಹೊಸ ತಗಡು ಸೇರಿಸಿದ. ಪ್ರತಿ ಗೇಣಿಗೂ ಒಮ್ಮೆ ಬಾಗಿಲು ಹಾಕಿ ನೋಡುವುದು, ಮುಂದಿನ ಗೇಣಿಗೆ ಹೋಗುವುದು. ಮಾಘ ಕಳೆಯಿತು, ಹೋಳಿ ಕಳೆಯಿತು. ನಾನು ಹಿಡಿ ಎಂದದ್ದನ್ನು ಹಿಡಿದೆ, ತಿಕ್ಕು ಎಂದದ್ದನ್ನು ತಿಕ್ಕಿ ಕೂಡಲೇ ಬಣ್ಣ ಬಳಿದೆ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಕಟ್ಟಡದಲ್ಲಿ ಸದ್ದು ಮಾಡಬಾರದೆಂಬ ನಿಯಮವಿದೆ. ಅದನ್ನೂ ಹಿಂದೆ ನಾನೇ ಮಂಡಿಸಿದ್ದು. ಆ ಹೊತ್ತಿನಲ್ಲಿ ನಾವೆಲ್ಲ ಗಾಡಿಯ ನೆರಳಲ್ಲಿ ಕೂತು, ಆಪಾ ಕಳಿಸಿದ ಖಾರಾ ಖಿಚಡಿ ತಿಂದು, ಸದ್ದಿಲ್ಲದೆ ಪಾಲಿಶ್ ಪೇಪರ್ ತಿಕ್ಕುತ್ತಿದ್ದೆವು.

ಬೇಸಗೆ ಬಲಿಯುವಷ್ಟರಲ್ಲಿ ಗುರು ಇಂಜಿನ್ನನ್ನು ಎಬ್ಬಿಸಿದ. ಮೊದಲು ಕೆಮ್ಮಿತು, ಆಮೇಲೆ ಒಂದಿಷ್ಟು ಕಪ್ಪು ಹೊಗೆ ಬಿಟ್ಟು ಗಂಟಲು ಸರಿಮಾಡಿಕೊಂಡು, ಸಭಾಪತಿಯ ಅಪ್ಪಣೆಗೆ ಕಾಯುವ ಹಿರಿಯ ವಕ್ತಾರನಂತೆ ಒಂದೇ ಸಮನೆ ಗುನುಗತೊಡಗಿತು. ಕಿಟಕಿಗಳಲ್ಲಿ ತಲೆಗಳು ಕಂಡವು. ಹೆಚ್ಚಾಗಿ ಹೆಂಗಸರ ತಲೆಗಳೇ. ಆ ಸದ್ದನ್ನು ಅವರು ಗುರುತಿಸಿದ್ದರು.

ಪರೀಕ್ಷೆಯ ಭಾನುವಾರ ಬಂತು. ನಮ್ಮ ಗೇಟಿನಾಚೆ ಇರುವುದು ಕಾಲೊನಿಯ ಒಳರಸ್ತೆ, ಸಾರ್ವಜನಿಕ ರಸ್ತೆಯಲ್ಲ. ಮತ್ತೆ ನೋಂದಣಿಯಾಗುವ ತನಕ ಅದರಾಚೆ ಗಾಡಿ ಹೋಗಬಾರದೆಂದು ನಾನು ಕಟ್ಟುನಿಟ್ಟು ಮಾಡಿದ್ದೆ. ಯಾರು ನಡೆಸಬೇಕೆಂಬ ಪ್ರಶ್ನೆಗೆ ಚರ್ಚೆಯೇ ನಡೆಯಲಿಲ್ಲ. ಆಪಾನ ಕಣ್ಣಿಗೆ ಪೊರೆ ಬಂದು ಅವರು ಚಕ್ರ ಹಿಡಿಯುವುದನ್ನು ಬಿಟ್ಟಿದ್ದರು. ಗುರು ತಯಾರಿದ್ದ, ಆದರೆ ಆಪಾ ವಿಮಲಾಳತ್ತ ಬೆರಳು ತೋರಿಸಿದರು. ವಿಮಲಾ ಕಪಾಟಿನಿಂದ ಲೈಸೆನ್ಸು ತಂದು, ಸೆರಗು ಸಿಕ್ಕಿಸಿ ಬಲಗಡೆ ಕೂತಳು. ಎಡಗಡೆ, ತಮ್ಮ ಎಂದಿನ ಜಾಗದಲ್ಲಿ, ಆಪಾ ಕೂತರು. ಪದ್ಮಿನಿ ಗೇಟು ದಾಟಿತು. ತೋಟದ ಹಿಂದೆ ಮರೆಯಾಯಿತು. ಅದರ ಸದ್ದು ಮಾತ್ರ ಸುತ್ತಿ ಬರುತ್ತಿತ್ತು. ಸಾವಂತ್ ಕಾಕಾ ಕೈಕಟ್ಟಿ ನಿಂತಿದ್ದರು. ನಾನು ಏನೂ ಹಿಡಿದುಕೊಳ್ಳಲು ಸಿಗದೆ ಗೇಟನ್ನು ಹಿಡಿದುಕೊಂಡಿದ್ದೆ.

ಮರಳಿ ಬಂದಾಗ ಗೇಟಿನ ಏರಿಗೆ ವಿಮಲಾ ತುಸು ಜೋರಾಗಿಯೇ ತಿರುಗಿಸಿದಳು. ಏರು ಹತ್ತಲು ಆ ವೇಗ ಬೇಕಿತ್ತೆಂದು ಅವಳು ಈಗಲೂ ಹೇಳುತ್ತಾಳೆ. ಮುಂಚಕ್ರಗಳು ಒಳಗೆ ಬಂದವು, ಮತ್ತು ಗಾಡಿ ತಲೆ ತಗ್ಗಿಸಿ ಗಕ್ಕನೆ ನಿಂತು, ಒಮ್ಮೆ ನಡುಗಿ ಬಂದಾಯಿತು. ಅರ್ಧ ಒಳಗೆ, ಅರ್ಧ ಹೊರಗೆ. ಇಂಜಿನ್ ಕೆಟ್ಟಿರಲಿಲ್ಲ. ಆಪಾನ ಕಾಲು ಎಡಗಡೆಯ ಬ್ರೇಕಿನ ಮೇಲಿತ್ತು.

ನನ್ನೊಳಗಿನ ಹಳೆಯ ಚರ್ಚಾಪಟು ಕೂಡಲೇ ಎದ್ದು ನಿಂತ. ವಾದ ಸಿದ್ಧವಾಗಿತ್ತು: ವಾಹನವು ತನ್ನ ಶಕ್ತಿ ಕುಂದಿ ನಿಂತದ್ದಲ್ಲ, ಹೊರಗಿನ ಹಸ್ತಕ್ಷೇಪದಿಂದ, ಅಲ್ಲ, ಪಾದಕ್ಷೇಪದಿಂದ ನಿಂತದ್ದು, ನಿಯಮದ ಆತ್ಮವನ್ನು ನೋಡಿದರೆ ಅದು ಉತ್ತೀರ್ಣ. ನಾನು ಕೈಯೆತ್ತಿ "ಮಾನ್ಯ ಸೆಕ್ರೆಟರಿಯವರೆ" ಎಂದೆ. ಗಾಡಿಯೊಳಗಿಂದ ಆಪಾ ತಡೆದರು.

"ನಕ್ಕೋ, ಸಾಹೇಬ್ರ. ಟೆಸ್ಟ್‌ನ್ಯಾಗ ಮಾಸ್ತರ ಬ್ರೇಕ್ ಒತ್ತಿದ್ರ ಫೇಲ್. ನಾನೇ ಎಲ್ಲಾರ್ಗೂ ಹೇಳ್ಕೋತ ಬಂದೀನಿ." ತಮ್ಮ ಕಾಲನ್ನೇ ಒಮ್ಮೆ ನೋಡಿಕೊಂಡರು. "ಇದು ನನ್ನ ಮಾತು ಕೇಳಂಗಿಲ್ಲ. ತಾನಽ ಹೋಗ್ತೈತಿ."

ಸಾವಂತ್ ಕಾಕಾ ಗಂಟಲು ಸರಿಪಡಿಸಿಕೊಂಡರು. ನಿಯಮ ನಿಯಮವೇ ಎಂದು ಮರಾಠಿಯಲ್ಲಿ ಆರಂಭಿಸಿದರು. ಅದು ನನ್ನದೇ ವಾಕ್ಯ. ಅವರ ಬಾಯಲ್ಲಿ ಕೇಳುವಾಗ ಅಷ್ಟು ಸುಂದರವಾಗಿ ತೋರಲಿಲ್ಲ. ಭಂಗಾರಿನವನು ಆಗಲೇ ಸ್ಕೂಟರುಗಳನ್ನು ಹೇರಲು ಬಂದು ಗೇಟಿನಾಚೆ ಕೈಗಾಡಿಯ ಮೇಲೆ ಕೂತಿದ್ದ. ಆಪಾ ಅವನತ್ತ ನೋಡಲಿಲ್ಲ. ಸವೆದ ಪೆಡಲಿನ ಮೇಲಿಂದ ಕಾಲು ತೆಗೆದು, ಇಳಿಯಲು ಬಾಗಿಲಿಗೆ ಕೈಹಾಕಿದರು.

ಅಷ್ಟರಲ್ಲಿ ಮೊದಲನೆಯ ಮಹಡಿಯ ಕಿಟಕಿಯಿಂದ ಸುನಂದಾ ವಹಿನಿಯ ಧ್ವನಿ ಬಂತು. ಮರಾಠಿಯಲ್ಲಿ ಅವರು ಗಂಡನಿಗೆ ಕೇಳಿದ್ದು ಇಷ್ಟು: "ಅಹೋ, ನಾನು ಲೈಸೆನ್ಸಿನ ಟೆಸ್ಟಿನಲ್ಲಿ ಎಷ್ಟು ಸಲ ಫೇಲಾದೆ? ಆಗ ನನ್ನನ್ನೂ ಭಂಗಾರಕ್ಕೆ ಹಾಕಿದರೇನು? ಮುಂದಿನ ವಾರ ಮತ್ತೆ ಬಾ ಅಂದರು."

ಕೆಳಗೆ ನಗು ಎದ್ದಿತು. ಎಲ್ಲರಿಗಿಂತ ಕೊನೆಗೆ, ಆದರೆ ಎಲ್ಲರಿಗಿಂತ ಹೆಚ್ಚು ಹೊತ್ತು, ನಕ್ಕವರು ಸಾವಂತ್ ಕಾಕಾ. ಪರೀಕ್ಷೆ ಎಂದ ಮೇಲೆ ಮರುಪರೀಕ್ಷೆಯೂ ಇರಬೇಕೆಂಬ ತಿದ್ದುಪಡಿಯನ್ನು ಅಲ್ಲೇ, ಅರ್ಧ ಒಳಗೆ ಅರ್ಧ ಹೊರಗೆ ನಿಂತ ಗಾಡಿಯ ಸುತ್ತ ನಿಂತು ಒಪ್ಪಲಾಯಿತು. ನಾನು ಅನುಮೋದಿಸಿದೆ. ನನ್ನ ಸಾರ್ವಜನಿಕ ಜೀವನದ ಅತಿ ಚಿಕ್ಕ ಭಾಷಣ ಅದು: "ಆಗಲಿ" ಎಂದಷ್ಟೇ ಹೇಳಿದೆ. ಆಮೇಲೆ ಯೋಚಿಸಿದರೆ ಆಶ್ಚರ್ಯವಾಗುತ್ತದೆ. ಗೆಲುವು, ಸೋಲು ಎರಡನ್ನೇ ಬಲ್ಲ ಚರ್ಚಾವೇದಿಕೆಯಲ್ಲಿ ಬೆಳೆದ ನನಗೆ, ಮುಂದಿನ ವಾರ ಮತ್ತೆ ಬಾ ಎಂಬ ಮೂರನೆಯ ತೀರ್ಪೊಂದು ಇರುವುದು ಅಲ್ಲಿಯವರೆಗೆ ಹೊಳೆದಿರಲೇ ಇಲ್ಲ.

ಆ ವಾರ ಒಂದೆರಡು ಹನಿ ಬಿದ್ದವು, ಮಳೆ ಹಿಡಿಯಲಿಲ್ಲ. ಭಾನುವಾರ ವಿಮಲಾ ಮತ್ತೆ ಬಲಗಡೆ ಕೂತಳು. ಆಪಾ ಬರುವುದಿಲ್ಲವೇನೋ ಎಂದುಕೊಂಡೆ. ಬಂದರು. ಎಡಬಾಗಿಲು ತೆರೆದು, ಚಪ್ಪಲಿಗಳನ್ನು ಕಳಚಿ ನನ್ನ ಕೈಗೆ ಕೊಟ್ಟು, ಆ ಬೆಂಚಿನಂಥ ಸೀಟಿನ ಮೇಲೆ ಎರಡೂ ಕಾಲು ಮಡಚಿ, ಊಟಕ್ಕೆ ಕೂತಂತೆ ಚಕ್ಕಳಮಕ್ಕಳ ಹಾಕಿ ಕೂತರು. ಪಾದಗಳನ್ನು ಬುರ್ಖಾದ ಅಂಚಿನಿಂದ ಮುಚ್ಚಿಕೊಂಡು, ಎರಡೂ ಕೈಗಳಿಂದ ಮೊಣಕಾಲುಗಳನ್ನು ಹಿಡಿದುಕೊಂಡರು. "ಈಗ ನಡಿ ಬೇಟಿ," ಎಂದರು.

ಗಾಡಿ ಹೋಯಿತು, ತೋಟ ಸುತ್ತಿತು, ಬಂತು. ಗೇಟಿನ ಏರಿಗೆ ವಿಮಲಾ ಹೋದ ವಾರದಷ್ಟೇ ಜೋರಾಗಿ ತಿರುಗಿಸಿದಳು. ಬೇಕೆಂದೇ ತಿರುಗಿಸಿದಳೆಂದು ನನ್ನ ಊಹೆ. ಕಿಟಕಿಯ ಗಾಜಿನಾಚೆ ಆಪಾನ ಕಣ್ಣುಗಳು ಬಿಗಿಯಾಗಿ ಮುಚ್ಚಿದ್ದವು, ಮೊಣಕಾಲ ಮೇಲಿನ ಬೆರಳುಗಳು ಬೆಳ್ಳಗಾಗಿದ್ದವು. ಕಾಲು ಮಾತ್ರ ಕೆಳಗಿಳಿಯಲಿಲ್ಲ. ಪದ್ಮಿನಿ ತನ್ನ ಸ್ವಂತ ಶಕ್ತಿಯಿಂದ ಏರು ಹತ್ತಿ, ಒಳಗೆ ಬಂದು, ತನ್ನ ಮೂಲೆಯಲ್ಲಿ ನಿಂತಿತು.

ಅವರ ಚಪ್ಪಲಿ ಹಿಡಿದು ನಿಂತಿದ್ದ ನನಗೆ ಆಗ ಅನಿಸಿದ್ದನ್ನು ಹೇಳಿಬಿಡುತ್ತೇನೆ. ಕಲಿಸುವವರಿಗೆ, ತಿದ್ದುವವರಿಗೆ, ಊರಿನ ಒಳಿತನ್ನು ತಾವೇ ಹೊತ್ತುಕೊಂಡವರಿಗೆ ಎಲ್ಲರಿಗೂ ಎಡಗಡೆಯಲ್ಲೊಂದು ಬ್ರೇಕು ಇರುತ್ತದೆ. ಬಳಸಿ ಬಳಸಿ ಅದು ಮಿನುಗುತ್ತಿರುತ್ತದೆ. ಅದನ್ನು ಯಾವಾಗ ಒತ್ತಬೇಕೆಂಬುದು ನಮಗೆಲ್ಲ ಚೆನ್ನಾಗಿ ಗೊತ್ತು. ಕಾಲು ಮಡಚಿ ಕೂರುವುದೇ ಕಷ್ಟ.

ಐದನೆಯ ಮಹಡಿಯವರಿಗೆ ಸ್ಕೂಟರುಗಳು ಬಿಟ್ಟುಹೋದ ಜಾಗ ಸಿಕ್ಕಿತು. ಠರಾವು ತೀರ ವ್ಯರ್ಥವಾಗಲಿಲ್ಲ. ಮಂಟಪದ ಅಡ್ಡಪಟ್ಟಿಗಳು ಪಂಪಿನ ಕೋಣೆಗೆ ಮರಳಿದವು. ಬೆಕ್ಕು ಬೇರೆ ಮನೆ ನೋಡಿಕೊಂಡಿತು. ನಾನು ಭಾನುವಾರಗಳಂದು ಕಾಲೊನಿಯ ಒಳರಸ್ತೆಯಲ್ಲಿ ಗಾಡಿ ಕಲಿಯುತ್ತಿದ್ದೇನೆ, ಲೋಕಲ್ ಟ್ರೇನಿನ ಮೇಲಿನ ನನ್ನ ನಿಷ್ಠೆಗೆ ಭಂಗವಿಲ್ಲದಂತೆ. ನಾನು ಬಲಗಡೆ ಕೂತಾಗ ಆಪಾ ಕಾಲು ಮಡಚುವುದಿಲ್ಲ. ಎರಡೂ ಪೆಡಲುಗಳ ಮೇಲೆ ಎರಡೂ ಪಾದ ಇಟ್ಟುಕೊಂಡೇ ಕೂರುತ್ತಾರೆ. ನಾನು ಆಕ್ಷೇಪಿಸಿಲ್ಲ.

ಇನ್ನು ನನ್ನದೊಂದು ವಿನಂತಿ. ಈ ಭಾನುವಾರ ಒಂದಿಷ್ಟು ಬಿಡುವು ಮಾಡಿಕೊಂಡು ನಿಮ್ಮ ಕಟ್ಟಡದ ಕೆಳಗೆ ಇಳಿಯಿರಿ. ಆ ಹೊದಿಕೆಯನ್ನು ಎತ್ತಬೇಡಿ. ವಾಚ್‌ಮನ್ನನ್ನು ಕೇಳಿ ಗಾಡಿ ಯಾರದೆಂದು ತಿಳಿದುಕೊಳ್ಳಿ. ಅವರ ಬಾಗಿಲು ತಟ್ಟಿ. ಚಹಾ ಕೊಟ್ಟರೆ ಕುಡಿಯಿರಿ. ಈ ಗಾಡಿ ಹಿಂದೆ ಏನು ಮಾಡುತ್ತಿತ್ತು ಎಂದು ಕೇಳಿ, ಅವರು ಹೇಳಿ ಮುಗಿಸುವವರೆಗೆ ಸುಮ್ಮನೆ ಕೂತಿರಿ. ಠರಾವನ್ನು ಅದಾದ ಮೇಲೆ ಬರೆಯಿರಿ.